ಗುಡ್ಡದ ಪೆಟ್ಟಿಗೆ ಕಿವುಡಾದ ಸಂಜೆ

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ಚಿತ್ರಾ ಊರು ದಾಟುವುದರೊಳಗೆ ನಿದ್ದೆ ಹೋಗಿಬಿಡುತ್ತಿದ್ದಳು. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಬೆಳಗಿನಿಂದ ನಿಂತೇ ಇರುವ ಕೆಲಸ ಅವಳದು. ಹೋದ ವರ್ಷ ಬಸ್‌ಸ್ಟಾಂಡಿನಲ್ಲಿ ತಲೆಸುತ್ತಿ ಬಿದ್ದ ಮೇಲೆ ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟು, ಸ್ವಲ್ಪ ರೆಸ್ಟ್ ತಗೊಳ್ಳಿ ಎಂದಿದ್ದರು. ಮಾತ್ರೆ ನುಂಗುತ್ತಿದ್ದಳು. ರೆಸ್ಟು ಎಲ್ಲಿ ಸಿಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮನೆಗೆ ಬಂದು ಕಾಲು ತೊಳೆದು, ಟೀಗೆ ನೀರಿಟ್ಟು, ಅಡುಗೆಮನೆಯ ಕಿಟಕಿಯ ಹತ್ತಿರವಿದ್ದ ಸಣ್ಣ ವೈರ್‌ಲೆಸ್ ಸೆಟ್ಟಿನ ಮುಖ ನೋಡುವುದು ಅವಳ ದಿನದ ಕಡೆಯ ಕೆಲಸ. ಹೊತ್ತು ಮುಳುಗುವಾಗ ಅದರ ಪರದೆಯ ಮೇಲೆ ಅವಳ ಅಣ್ಣ ಪಾಲಣ್ಣನ ಹೆಸರಿನ ಗುರುತು ಮೂಡುತ್ತಿತ್ತು. ಅವನು ಎಲ್ಲಿ ಇಳಿದುಕೊಂಡಿದ್ದಾನೆ ಎಂಬುದು, ಜೊತೆಗೆ "ಎಲ್ಲ ಸರಿ" ಎಂಬ ಒಂದು ಮಾತು. ಅವಳು ತನ್ನ ಸೆಟ್ಟಿನ ಗುಂಡಿ ಒತ್ತಿದರೆ ಅಲ್ಲಿ ಅವನ ಸೆಟ್ಟು ಎರಡು ಸಲ ಕೂಗುತ್ತಿತ್ತು. ಅಣ್ಣ ತಂಗಿಯ ನಡುವೆ ದಿನದ ಮಾತು ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಟೀ.

ಪಾಲಣ್ಣ ಕುರಿ ಕಾಯುವವನು. ಮಳೆ ಹಿಂದಾದ ಮೇಲೆ ಹೆಂಡತಿ ಕಾಟಮ್ಮನೊಂದಿಗೆ ಮಂದೆ ಹೊಡೆದುಕೊಂಡು ಮಾಡದಕೆರೆ ಆಚೆಯ, ಕುರಿ ಮೇಯುವ ಹುಲ್ಲಿನ ಕಾವಲಿಗೆ ಹೋದರೆ ಸಂಕ್ರಾಂತಿಯವರೆಗೂ ಅಲ್ಲೇ. ಅಲ್ಲಿನ ತಗ್ಗುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹಿಂದೊಮ್ಮೆ ಅವನಿಗೆ ಹಾವು ಕಚ್ಚಿ, ಕಾಟಮ್ಮ ಊರು ಮುಟ್ಟಿ ಜನ ಕರೆತರುವಷ್ಟರಲ್ಲಿ ಬೆಳಗಾಗಿತ್ತು. ಬದುಕಿದ್ದು ಅದೃಷ್ಟ. ಕಾಲೇಜಿನ ದಿನಗಳಿಂದ ಹವ್ಯಾಸಿ ರೇಡಿಯೋ ಲೈಸೆನ್ಸ್ ಇಟ್ಟುಕೊಂಡಿದ್ದ ಚಿತ್ರಾ ಆಗಲೇ ಹಟ ಹಿಡಿದಳು. ಪಿಯುಸಿಯವರೆಗೆ ಓದಿದ್ದ ಅಣ್ಣನನ್ನು ಕೂರಿಸಿಕೊಂಡು ಪಾಠ ಹೇಳಿ, ಒಂದು ಸಲ ಫೇಲಾದರೂ ಬಿಡದೆ ಇನ್ನೊಂದು ಸಲ ಪರೀಕ್ಷೆಗೆ ಕಳಿಸಿ ಅವನಿಗೂ ಲೈಸೆನ್ಸ್ ಕೊಡಿಸಿದಳು.

ಕಾವಲಿಗೂ ಹೊಳಲ್ಕೆರೆಗೂ ನಡುವೆ ಗುಡ್ಡದ ಸಾಲು ಅಡ್ಡ. ಅದಕ್ಕೆಂದೇ ಗುಡ್ಡದ ನೆತ್ತಿಯ ಮೇಲೆ, ಕರೆಂಟು ಮಾಡುವ ಗಾಳಿ ಫ್ಯಾನುಗಳ ಪಕ್ಕದ ಹಳೆಯ ವೈರ್‌ಲೆಸ್ ಕೋಣೆಯಲ್ಲಿ ಒಂದು ಪೆಟ್ಟಿಗೆ ಇತ್ತು: ಒಂದು ರೇಡಿಯೋ, ಒಂದು ಪುಟ್ಟ ಕಂಪ್ಯೂಟರು, ಬ್ಯಾಟರಿ, ಮೇಲೆ ಸೋಲಾರ್ ಹಲಗೆ. ಈ ಕಡೆಯಿಂದ ಬಂದದ್ದನ್ನು ಕೇಳಿಸಿಕೊಂಡು ಆ ಕಡೆಗೆ ಕೂಗಿ ಹೇಳುವುದೇ ಅದರ ಕೆಲಸ. ಅದನ್ನು ಕಟ್ಟಿದವರು ಹಿರಿಯೂರಿನ ರಂಗಯ್ಯ. ಪೊಲೀಸ್ ವೈರ್‌ಲೆಸ್‌ನಲ್ಲಿದ್ದು ನಿವೃತ್ತರಾದವರು, ಚಿತ್ರಾಳಂತೆಯೇ ಹವ್ಯಾಸಿ ರೇಡಿಯೋದವರು. ಮೊಣಕಾಲು ಸವೆದು ಅವರು ಗುಡ್ಡ ಹತ್ತುವುದನ್ನು ಬಿಟ್ಟ ಮೇಲೆ ಪೆಟ್ಟಿಗೆಯ ಪಾಡು ಚಿತ್ರಾಳ ಪಾಲಿಗೆ ಬಂತು.

ಆ ಪೆಟ್ಟಿಗೆಯ ವಿಷಯದಲ್ಲಿ ಇಬ್ಬರಿಗೂ ಒಂದೇ ಒಂದು ತಕರಾರಿತ್ತು. ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಲಿನಕ್ಸ್ ಕರ್ನಲ್ಲನ್ನು ರಂಗಯ್ಯನವರು ತಾವೇ ಕಟ್ಟಿದ್ದರು. ರೇಡಿಯೋದ ದನಿ ಹಾಯುವ ಸೌಂಡ್ ಕಾರ್ಡು, ಇಂಟರ್ನೆಟ್ಟಿನ ಡಾಂಗಲ್ಲು, ಹೀಗೆ ಒಂದೊಂದಕ್ಕೂ ಅದನ್ನು ನಡೆಸುವ ಡ್ರೈವರ್ ಎಂಬ ಒಂದೊಂದು ಪ್ರೋಗ್ರಾಮು ಬೇಕು. ಆ ಡ್ರೈವರುಗಳನ್ನೆಲ್ಲ ಅವರು ಕರ್ನಲ್ಲಿನ ಒಳಗೇ ಸೇರಿಸಿ ಕಟ್ಟಿಬಿಟ್ಟಿದ್ದರು. ಬೇರೆ ದಾರಿಯೂ ಇತ್ತು. ಡ್ರೈವರುಗಳನ್ನು ಮಾಡ್ಯೂಲ್ ಎಂದು ಹೊರಗೆ ಬಿಡಿಬಿಡಿಯಾಗಿ ಇಟ್ಟು, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದು.

"ಗೋಡೆ ಕಟ್ಟುವಾಗ್ಲೇ ಗೂಡು ಬಿಟ್ಟಂಗೆ ಕಣಮ್ಮ ಇದು," ಎನ್ನುತ್ತಿದ್ದರು ರಂಗಯ್ಯ. "ಗೋಡೆ ಇರೋಗಂಟ ಗೂಡು ಇರ್ತದೆ. ನಿನ್ನ ಮಾಡ್ಯೂಲು ಮೊಳೆಗೆ ತಗಲಾಕಿದ ಚೀಲ. ಯಾವತ್ತೋ ಒಂದಿನ ಮೊಳೆ ಇರ್ತದೆ, ಚೀಲ ಇರಲ್ಲ."

"ಗೂಡಿನಾಗೆ ಹಲ್ಲಿ ಸತ್ತರೆ ಗೋಡೆ ಒಡೀಬೇಕಲ್ಲ ಸಾರ್," ಎನ್ನುತ್ತಿದ್ದಳು ಚಿತ್ರಾ.

ಅವಳು ಸುಮ್ಮನೆ ವಾದಕ್ಕೆ ಹೇಳಿದ್ದಲ್ಲ. ರೇಡಿಯೋ ಜೋರಾಗಿ ಕೂಗಿದಾಗ ಅದರ ತರಂಗ ತಂತಿಗಳಿಗೆ ನುಗ್ಗಿ ಸೌಂಡ್ ಕಾರ್ಡಿನ ಡ್ರೈವರ್ ಆಗಾಗ ಹಿಡಿದುಕೊಂಡು ಕೆಲಸ ನಿಲ್ಲಿಸಿಬಿಡುತ್ತಿತ್ತು. ಒಳಗೇ ಕಟ್ಟಿದ್ದರಿಂದ ಅದೊಂದನ್ನೇ ಕಿತ್ತು ಮತ್ತೆ ಹಾಕುವಂತಿರಲಿಲ್ಲ. ದೂರದಿಂದ ರೀಸ್ಟಾರ್ಟ್ ಕೊಟ್ಟರೆ ಕಂಪ್ಯೂಟರು ಅರ್ಧಕ್ಕೆ ನಿಂತು, ಅತ್ತ ಮಲಗದೆ ಇತ್ತ ಏಳದೆ ಒದ್ದಾಡುತ್ತಿತ್ತು. ಆಮೇಲೆ ಉಳಿಯುತ್ತಿದ್ದದ್ದು ಒಂದೇ ದಾರಿ: ಭಾನುವಾರ ಗುಡ್ಡ ಹತ್ತಿ ವೈರು ಕಿತ್ತು ಚುಚ್ಚುವುದು. ಬಟ್ಟೆ ಒಗೆಯಬೇಕಾದ ಭಾನುವಾರ, ಮಲಗಬೇಕಾದ ಭಾನುವಾರ. ಎರಡು ವರ್ಷ ಹತ್ತಿ ಇಳಿದು ಅವಳಿಗೆ ಸಾಕಾಯಿತು. ಬೇಸಿಗೆ ರಜೆಯಲ್ಲಿ ಕೂತು ಹೊಸ ಕರ್ನಲ್ ಕಟ್ಟಿದಳು. ಡಿಸ್ಕು, ಕೀಬೋರ್ಡಿನವು ಬಿಟ್ಟು ಉಳಿದ ಎಲ್ಲ ಡ್ರೈವರುಗಳನ್ನೂ ಹೊರಗೆ ತಂದು ಮಾಡ್ಯೂಲ್ ಮಾಡಿದಳು. ಅಲ್ಲಿಂದ ಮುಂದೆ ಸೌಂಡ್ ಕಾರ್ಡು ಹಿಡಿದುಕೊಂಡರೆ ಬಸ್ಸಿನಲ್ಲಿ ಕೂತೇ ಮೊಬೈಲಿನಿಂದ ಆ ಮಾಡ್ಯೂಲ್ ತೆಗೆದು ಮತ್ತೆ ಹಾಕುತ್ತಿದ್ದಳು. ಪೆಟ್ಟಿಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡವರಂತೆ ಮಾತಾಡುತ್ತಿತ್ತು. ಮಳೆಗಾಲವೆಲ್ಲ ಅವಳು ಒಮ್ಮೆಯೂ ಗುಡ್ಡ ಹತ್ತಲಿಲ್ಲ.

ಕಾರ್ತಿಕದಲ್ಲಿ ಸೈಕ್ಲೋನ್ ಎಂದು ನಾಲ್ಕಾರು ದಿನ ಮೋಡ ಹಿಡಿಯಿತು. ಹೊಸ ಕರ್ನಲ್ಲಿನಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕಿತ್ತು. ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆಯಲ್ಲಿ ಕೂತು ಚಿತ್ರಾ ತಿದ್ದಿದ ಕರ್ನಲ್ಲನ್ನು ಗುಡ್ಡಕ್ಕೆ ಕಳಿಸಿದಳು. ಅದಕ್ಕೆ ಹೊಂದುವ ಮಾಡ್ಯೂಲುಗಳನ್ನೂ ಹಿಂದೆಯೇ ಕಳಿಸಬೇಕಿತ್ತು. ಅಷ್ಟರಲ್ಲಿ ಯಾರೋ ಬಂದು ಆಸಿಲೋಸ್ಕೋಪು ಹೊಗೆ ಬಿಡ್ತಿದೆ ಮೇಡಂ ಎಂದರು. ಎದ್ದು ಹೋದಳು. ಅದು ಮುಗಿಯುವಷ್ಟರಲ್ಲಿ ಪ್ರಾಕ್ಟಿಕಲ್ಸ್, ಪ್ರಾಕ್ಟಿಕಲ್ಸ್ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತು. ಬಸ್ಸಿನಲ್ಲಿ ನಿದ್ದೆ.

ಮನೆಗೆ ಬಂದಳು. ಟೀಗೆ ನೀರಿಟ್ಟಳು. ಪರದೆ ಖಾಲಿ ಇತ್ತು.

ಟೀ ಕುದಿದು ಉಕ್ಕಿ ಒಲೆಯ ಮೇಲೆ ಬಿತ್ತು. ಹೊತ್ತು ಮುಳುಗಿ ಬೀದಿ ದೀಪ ಹತ್ತಿದರೂ ಪರದೆ ಖಾಲಿಯೇ. ಗುಂಡಿ ಒತ್ತಿದಳು, ಉತ್ತರ ಇಲ್ಲ. ಮೊಬೈಲಿನಿಂದ ಪೆಟ್ಟಿಗೆಯನ್ನು ಹಿಡಿಯಲು ನೋಡಿದಳು, ಅದೂ ಸಿಗಲಿಲ್ಲ. ಪೆಟ್ಟಿಗೆ ಕೆಟ್ಟಿದೆಯೆಂದು ಬುದ್ಧಿ ಹೇಳುತ್ತಿತ್ತು. ಪೆಟ್ಟಿಗೆ ಕೆಟ್ಟ ಹೊತ್ತಿನಲ್ಲೇ ಅಲ್ಲಿ ಇನ್ನೇನೋ ಆಗಿದ್ದರೆ ಎಂದು ಹೆದರಿಕೆ ಹೇಳುತ್ತಿತ್ತು. ಹಾವು ಕಚ್ಚಿದ ವರ್ಷ ಅಣ್ಣನ ಕಾಲು ಊದಿ ಕಪ್ಪಗಾಗಿದ್ದು ಕಣ್ಣ ಮುಂದೆ ಬಂತು.

ಗಂಡ ಬಾಲರಾಜು ಬಸ್ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದವನು ಅವಳ ಮುಖ ನೋಡಿಯೇ ಕೇಳಿದ.

"ಏನಾಯ್ತು?"

"ಅಣ್ಣಂದು ಬಂದಿಲ್ಲ ಕಣ್ರಿ. ಪೆಟ್ಟಿಗೆನೂ ಸಿಗ್ತಿಲ್ಲ."

"ಪೆಟ್ಟಿಗೆ ಸಿಗ್ತಿಲ್ಲ ಅಂದ್ರೆ ಪೆಟ್ಟಿಗೇದೇ ರೋಗ. ಅವಂಗೇನಾಗಿರ್ತದೆ?"

"ಅದು ನಿಮಗೆ ಹೆಂಗೆ ಗೊತ್ತು?"

ಬಾಲರಾಜು ಟಿಕೆಟ್ ಮೆಷಿನ್ನಿನ ಚೀಲ ಇಳಿಸಿ ಗೋಡೆಗೆ ಒರಗಿದ. ಅವನೂ ಇಡೀ ದಿನ ನಿಂತು ಬಂದವನೇ. "ನಾಳೆ ಹೊಸದುರ್ಗದ ಫಸ್ಟ್ ಟ್ರಿಪ್ಪು ನಂದೇ ಐತೆ. ಹತ್ಕ. ಕಾವಲಿಗೆ ಹೋಗ್ತೀಯೋ ಗುಡ್ಡಕ್ಕೆ ಹೋಗ್ತೀಯೋ ನೀನೇ ನೋಡ್ಕ."

ಎಲ್ಲಿಗೆ ಹೋಗಬೇಕೆಂದು ಬಸ್ಸಿನಲ್ಲಿ ಕೂತ ಮೇಲೂ ಅವಳು ಗಟ್ಟಿ ಮಾಡಿರಲಿಲ್ಲ. ಕಾವಲು ದೂರ. ಅಣ್ಣ ನಿನ್ನೆ ಎಲ್ಲಿ ಇಳಿದಿದ್ದನೋ, ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ. ಗುಡ್ಡ ಹತ್ತಿರ. ಪೆಟ್ಟಿಗೆ ಸರಿಯಾದರೆ ಅವನ ದನಿಯೇ ಬರುತ್ತದೆ. ಬರದಿದ್ದರೆ ಆಗ ನಿಜಕ್ಕೂ ಓಡಬಹುದು. ಗುಡ್ಡದ ಕ್ರಾಸಿನಲ್ಲಿ ಬಾಲರಾಜು ಸೀಟಿ ಊದಿ ಬಸ್ಸು ನಿಲ್ಲಿಸಿದ. "ಮಾತ್ರೆ ತಗಂಡ್ಯಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ತಗೊಂಡಿರಲಿಲ್ಲ. ಹೂಂ ಎಂಬಂತೆ ತಲೆಯಾಡಿಸಿ ಇಳಿದಳು.

ಹತ್ತುವಾಗ ಮೂರ್ನಾಲ್ಕು ಕಡೆ ಕೂತಳು. ಮೋಡ ತೆಳ್ಳಗಾಗಿ ಬಿಸಿಲು ಕಾಣುತ್ತಿತ್ತು. ಮೇಲೆ ಫ್ಯಾನುಗಳು ನಿಧಾನಕ್ಕೆ ತಿರುಗುತ್ತಿದ್ದವು. ಕೋಣೆಯ ಬೀಗ ತೆಗೆದು ನೋಡಿದರೆ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಕಂಪ್ಯೂಟರು ಸತ್ತಿರಲಿಲ್ಲ. ಪರದೆ, ಕೀಬೋರ್ಡು ಜೋಡಿಸಿದ ಮೇಲೆ ಎಲ್ಲ ತಿಳಿಯಿತು. ಮೋಡದಿಂದ ಬ್ಯಾಟರಿ ಇಳಿದು ಮಧ್ಯಾಹ್ನ ಒಮ್ಮೆ ಆರಿಹೋಗಿದೆ, ಆಮೇಲೆ ಚೂರು ಬಿಸಿಲು ಬಿದ್ದು ತಾನಾಗಿ ಎದ್ದಿದೆ. ಎದ್ದದ್ದು ಅವಳು ಆಗಷ್ಟೇ ಕಳಿಸಿದ ಹೊಸ ಕರ್ನಲ್ಲಿನಿಂದ. ಅದಕ್ಕೆ ಹೊಂದುವ ಮಾಡ್ಯೂಲುಗಳು ಅಲ್ಲಿ ಇರಲೇ ಇಲ್ಲ. ಹಳೆಯವು ಹೊಸ ಕರ್ನಲ್ಲಿಗೆ ಕೂರುವುದಿಲ್ಲ. ಸೌಂಡ್ ಕಾರ್ಡಿನ ಡ್ರೈವರ್ ಇಲ್ಲ, ಹಾಗಾಗಿ ಕಿವಿ ಇಲ್ಲ, ಬಾಯಿ ಇಲ್ಲ. ಡಾಂಗಲ್ಲಿನ ಡ್ರೈವರೂ ಇಲ್ಲ, ಹಾಗಾಗಿ ಮೊಬೈಲಿನಿಂದ ಸಿಗುವುದೂ ಇಲ್ಲ. ರಾತ್ರಿಯೆಲ್ಲ ಅದು ಎಚ್ಚರವಾಗಿಯೇ ಇತ್ತು. ತನಗೆ ಏನೂ ಕೇಳಿಸುತ್ತಿಲ್ಲವೆಂದು ಹೇಳುವ ದಾರಿ ಅದಕ್ಕಿರಲಿಲ್ಲ.

ಲ್ಯಾಪ್‌ಟಾಪಿನಿಂದ ಮಾಡ್ಯೂಲುಗಳನ್ನು ಹಾಕಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರೇಡಿಯೋ ಒಮ್ಮೆ ಕಿರ್ರ್ ಎಂದು ಕೂಗಿತು. ಚಿತ್ರಾ ನೆಲದ ಮೇಲೆ ಕಾಲು ಚಾಚಿ, ತಂದಿದ್ದ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಕಾವಲಿನಿಂದ ಏನೂ ಬರಲಿಲ್ಲ. ಈಗ ಪೆಟ್ಟಿಗೆ ಸರಿಯಿದೆ, ಆದರೂ ಅಣ್ಣ ಮಾತಾಡುತ್ತಿಲ್ಲ. ನಿನ್ನೆ ರಾತ್ರಿಯ ಹೆದರಿಕೆಗೆ ಪೆಟ್ಟಿಗೆಯ ನೆವವಾದರೂ ಇತ್ತು. ಈಗ ಅದೂ ಇಲ್ಲ.

ಏಳಬೇಕು, ಇಳಿಯಬೇಕು, ಕಾವಲಿಗೆ ಓಡಬೇಕು ಎಂದುಕೊಳ್ಳುತ್ತಲೇ ಕೂತಿದ್ದಾಗ ಮೊಬೈಲ್ ಹೊಡೆದುಕೊಂಡಿತು. ಪಕ್ಕದ ಮನೆಯ ಗಂಗಕ್ಕ.

"ಎಲ್ಲಿದೀಯೇ ಚಿತ್ರ? ನಿಮ್ಮಣ್ಣ ಬಂದು ನಿಮ್ಮ ಜಗಲಿ ಮೇಲೆ ಕುಂತವ್ನೆ. ನೀನು ಬದುಕಿದ್ದೀಯಾ ಅಂತ ಕೇಳ್ತಾವ್ನೆ!"

ಚಿತ್ರಾಳಿಗೆ ಮೊದಲು ನಗು ಬಂತು. ಅದರ ಹಿಂದೆಯೇ ಅಳು ಬಂತು. ಗಂಗಕ್ಕ ಹಲೋ ಹಲೋ ಎನ್ನುತ್ತಲೇ ಇದ್ದಳು.

ಅವಳು ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಪಾಲಣ್ಣ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ದಾರಿಯಲ್ಲೇ ಚಾರ್ಜು ಮುಗಿದು ಆರಿದ ಸೆಟ್ಟು, ಪಂಚೆಯ ತುಂಬ ಹತ್ತಿಕೊಂಡ ಹುಲ್ಲಿನ ಮುಳ್ಳು. ಗಂಗಕ್ಕ ಕೊಟ್ಟ ಮುದ್ದೆಯನ್ನು ಅರ್ಧ ತಿಂದು ಬಿಟ್ಟಿದ್ದ. ತಂಗಿಯನ್ನು ಕಂಡು ಎದ್ದ, ಮತ್ತೆ ಕೂತ.

"ನಿನ್ನೆ ಸಂಜೆ ಒತ್ತಿದೆ ಕಣವ್ವ. ಕೂಗಲಿಲ್ಲ. ಇನ್ನೊಂದು ಸಲ ಒತ್ತಿದೆ. ಅವಾಗೂ ಕೂಗಲಿಲ್ಲ. ಮುಂಚೆ ಆಗಿದ್ರೆ ಪೆಟ್ಟಿಗೆ ಕೆಟ್ಟೈತೆ ಅಂತ ಸುಮ್ಕಿರ್ತಿದ್ದೆ, ನೀನು ಬ್ಯಾಸಿಗೇಲಿ ಸರಿ ಮಾಡಿದ್ಮೇಲೆ ಒಂದಿನಾನೂ ಹಿಂಗಾಗಿಲ್ಲ. ಹೋದ ವರ್ಷ ನೀನು ಬಿದ್ದಿದ್ಯಲ್ಲ, ಅದೇ ನೆನಪಾತು. ಫೋನಿನಾಗೆ ಚಾರ್ಜಿಲ್ಲ. ಕತ್ತಲಾಗ್ಲೇ ಹೊರಟೆ. ರೋಡು ಸಿಗಾ ಹೊತ್ತಿಗೆ ಬೆಳಕು ಹರೀತು."

"ನಡಕಂಡು ಬಂದ್ಯಾ?"

"ಇನ್ನೇನು ಹಾರ್ಕಂಡು ಬರ್ಲಾ?"

ಚಿತ್ರಾ ಅವನ ಪಕ್ಕ ಕೂತು ಚೀಲ ಇಳಿಸಿದಳು. ತಾನು ಮಾಡ್ಯೂಲ್ ಕಳಿಸುವುದನ್ನು ಬಿಟ್ಟದ್ದು, ಪೆಟ್ಟಿಗೆ ಆರಿ ಎದ್ದದ್ದು ಎಲ್ಲವನ್ನೂ ಹೇಳಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ.

"ಹಂಗಾರೆ ನಿಂಗೇನೂ ಆಗಿಲ್ಲ?"

"ಇಲ್ಲಣ್ಣ. ನಿಂಗೇನೂ ಆಗಿಲ್ಲ?"

"ನಂಗೇನಾಗ್ತದೆ."

ಚಿತ್ರಾ ಅವನ ಪಂಚೆಗೆ ಹತ್ತಿದ್ದ ಮುಳ್ಳು ಒಂದೊಂದಾಗಿ ಕೀಳತೊಡಗಿದಳು. ಅಡಿಕೆ ಚೀಲ ಹೇರಿದ ಟ್ರಾಕ್ಟರೊಂದು ಹೋಯಿತು. ಆಮೇಲೆ ಚಿತ್ರಾ ಕೇಳಿದಳು. "ಅತ್ತಿಗೆ?"

ಪಾಲಣ್ಣ ಕಂಬಳಿ ಸರಿಮಾಡಿಕೊಂಡ. "ಅವಳು ಮಂದೆ ತಾವ ಅವಳೆ. ಒಬ್ಬಳೇ."

ಅವತ್ತೇ ಇಬ್ಬರೂ ಹೊರಟರು. ಕಾಲೇಜಿಗೆ ಫೋನ್ ಮಾಡಿ ಇನ್ನೊಂದು ದಿನದ ರಜೆ ಹೇಳಿದಳು. ಆ ಕಡೆಯವರು ಆಗಲಿ ಎಂದಷ್ಟೇ ಹೇಳಿ ಫೋನ್ ಇಟ್ಟರು. ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಮಾಡದಕೆರೆಯಿಂದ ಯಾರದೋ ಟ್ರಾಕ್ಟರಿನಲ್ಲಿ ಸ್ವಲ್ಪ ದೂರ ಹೋಗಿ, ಉಳಿದದ್ದು ನಡೆದರು. ಹೊತ್ತು ಇಳಿಯುವ ಮುಂಚೆ ಕುರಿ ಕೂಡುವ ರೊಪ್ಪ ಕಂಡಿತು. ಮುಳ್ಳಿನ ಬೇಲಿ ಒಂದು ಕಡೆ ಕಿತ್ತು ಬಿದ್ದಿತ್ತು. ಕಾಟಮ್ಮ ಅದಕ್ಕೆ ಹೊಸ ಜಾಲಿ ಕೊಂಬೆ ಎಳೆದು ತುರುಕುತ್ತಿದ್ದಳು. ಅವಳ ಕೈಯೆಲ್ಲ ಗೀರು. ಇವರು ಹತ್ತಿರ ಬಂದರೂ ತಲೆ ಎತ್ತಲಿಲ್ಲ.

"ತೋಳ ಬಂದಿತ್ತು," ಎಂದಳು ಕೊಂಬೆಗೆ ಹೇಳುವವಳಂತೆ. "ಎರಡು ಮರಿ ಹೋದವು. ಒಂದು ಕುರಿಗೆ ಬಾಯಿ ಹಾಕೈತೆ, ಅದೂ ಉಳಿಯಂಗೆ ಕಾಣಲ್ಲ."

ಪಾಲಣ್ಣ ರೊಪ್ಪದೊಳಗೆ ಹೋಗಿ ಗಾಯವಾದ ಕುರಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಚಿತ್ರಾ ಇನ್ನೊಂದು ಕೊಂಬೆ ಎತ್ತಿಕೊಡಲು ಹೋದಳು.

"ಅತ್ತಿಗೆ, ತಪ್ಪು ನಂದು. ಪೆಟ್ಟಿಗೆ ಕೆಟ್ಟಿದ್ದು ನನ್ನಿಂದ. ಬೆಳಿಗ್ಗೆ ಗುಡ್ಡ ಹತ್ತಿ ಅದನ್ನ..."

ಕಾಟಮ್ಮ ಕೊಂಬೆ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಪೆಟ್ಟಿಗೆ ಕೂಗಲಿಲ್ಲ ಅಂತ ಇವನು ನಿನ್ನ ತಾವ ಓಡಿದ. ಪೆಟ್ಟಿಗೆ ಕೂಗಲಿಲ್ಲ ಅಂತ ನೀನು ಗುಡ್ಡಕ್ಕೆ ಓಡಿದೆ. ಇಡೀ ರಾತ್ರಿ ಇಲ್ಲಿ ನಾನು ಕೂಗಿದ್ನಲ್ಲ, ಅದು ಯಾವ ಪೆಟ್ಟಿಗೆಗೆ ಕೇಳ್ತು?"

ಇಷ್ಟು ವರ್ಷ ಸಂಜೆಯ ಪರದೆಯಲ್ಲಿ ಅಣ್ಣನ ಹೆಸರಷ್ಟೇ ಮೂಡುತ್ತಿತ್ತು. "ಎಲ್ಲ ಸರಿ" ಎಂಬ ಮಾತಿನೊಳಗೆ ಅತ್ತಿಗೆಯೂ ಇದ್ದಾಳೆಂದು ಚಿತ್ರಾ ಅಂದುಕೊಂಡಿದ್ದಳು.

"ನಿಂಗೂ ಲೈಸೆನ್ಸ್ ಕೊಡಿಸ್ತೀನಿ ಅತ್ತಿಗೆ. ಎಸ್ಸೆಸ್ಸೆಲ್ಸಿ ಓದಿದೀಯಲ್ಲ. ನಾನು ಕಲಿಸ್ತೀನಿ."

"ನಂಗೆ ಅದ್ಯಾವುದೂ ಬ್ಯಾಡ," ಎಂದಳು ಕಾಟಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ಕಸುವು ಉಳಿದಿರಲಿಲ್ಲ. "ಒಂದು ಮಾತು ಹೇಳ್ತೀನಿ, ಇಬ್ಬರೂ ಕೇಳ್ರಿ. ಒಂದು ಸಂಜೆ ಕೂಗದಿದ್ರೆ ಯಾರೂ ಎಲ್ಲಿಗೂ ಓಡಬ್ಯಾಡ್ರಿ. ಮಾರನೆ ಸಂಜೆ ನೋಡ್ರಿ. ಆವಾಗ್ಲೂ ಕೂಗದಿದ್ರೆ ಹೋಗಾಣ, ಎಲ್ಲರೂ ಸೇರಿ ಹೋಗಾಣ. ಬರೀ ಸುಮ್ಕಿದ್ದದ್ದಕ್ಕೆ ಹಿಂಗೆ ಓಡಿದ್ರೆ ಇರೋರ ಗತಿ ಏನು?"

ಪಾಲಣ್ಣ ರೊಪ್ಪದೊಳಗಿಂದಲೇ, "ಹಾವು ಕಚ್ಚಿದ್ರೆ?" ಎಂದ.

"ಕಚ್ಚಿದ್ರೆ ನಾನಿಲ್ವಾ? ಆವತ್ತು ಜನ ಕರಕಂಡು ಬಂದೋಳು ಯಾರು, ನಿನ್ನ ಪೆಟ್ಟಿಗೇನಾ?"

ಗಾಯದ ಕುರಿಗೆ ಬೇವಿನೆಣ್ಣೆ ಅರಿಶಿನ ಹಚ್ಚಿದರು. ಮೂವರೂ ಸೇರಿ ಬೇಲಿ ಮುಗಿಸಿದರು. ಕುರಿ ಮಾರನೆಯ ಬೆಳಿಗ್ಗೆ ಸತ್ತಿತು.

ಮುಂದಿನ ಭಾನುವಾರ ಚಿತ್ರಾ ಹಿರಿಯೂರಿಗೆ ಹೋದಳು. ರಂಗಯ್ಯನವರು ನಡೆದದ್ದನ್ನೆಲ್ಲ ಕೇಳಿ, ಚೀಲ ಮೊಳೆ ಎಂಬ ಮಾತನ್ನು ಎತ್ತಲೇ ಇಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

"ಬಯ್ಯಿರಿ ಸಾರ್," ಎಂದಳು ಅವಳೇ.

"ಯಾಕಮ್ಮ ಬಯ್ಯಲಿ? ನಾನು ಎಲ್ಲಾ ಒಳಗೆ ಕಟ್ಟಿದೆ, ನೀನು ಎರಡು ವರ್ಷ ಗುಡ್ಡ ಹತ್ತಿದೆ. ಅದನ್ನ ನಾನೆಲ್ಲಿ ಲೆಕ್ಕಕ್ಕೆ ಹಿಡಿದೆ? ನೀನು ಎಲ್ಲಾ ಹೊರಗಿಟ್ಟೆ, ಆ ಯಮ್ಮ ಇಡೀ ರಾತ್ರಿ ತೋಳ ಓಡಿಸಿದಳು." ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟರು. "ಕುಂತ್ಕ. ಒಂದೊಂದೇ ನೋಡಾಣ."

ಒಂದೊಂದೇ ನೋಡಿದರು. ಡಾಂಗಲ್ಲಿನ ಡ್ರೈವರ್ ಒಳಗಿರಲಿ ಎಂದಳು ಚಿತ್ರಾ. ಏನೇ ಕೆಟ್ಟರೂ ಪೆಟ್ಟಿಗೆ ಮೊಬೈಲಿಗೆ ಸಿಗುವಂತಿರಬೇಕು. ಡಿಸ್ಕಿನದು ಮೊದಲಿನಂತೆ ಒಳಗೇ. ಸಂದೇಶಗಳನ್ನು ಬಿಡಿಸಿ ಓದುವ ಹವ್ಯಾಸಿ ರೇಡಿಯೋ ಭಾಗ ಎಂದೂ ಹಿಡಿದುಕೊಂಡದ್ದಿಲ್ಲ, ಅದೂ ಒಳಗೇ ಹೋಯಿತು. ಸೌಂಡ್ ಕಾರ್ಡಿನದು ಮಾತ್ರ ಹೊರಗೆ, ಮಾಡ್ಯೂಲಾಗಿ. ಅದು ಕೆಡುವ ಜಾತಿಯದು, ಕಿತ್ತು ಹಾಕುವಂತಿರಲೇಬೇಕು. ರಂಗಯ್ಯನವರು ಅದಕ್ಕೆ ಇನ್ನೊಂದು ಸೇರಿಸಿದರು. ಹೊಸ ಕರ್ನಲ್ಲಿಗೆ ಮಾಡ್ಯೂಲ್ ಸಿಗದೆ ಹೋದರೆ ಪೆಟ್ಟಿಗೆ ಹಳೆಯ ಕರ್ನಲ್ಲಿಗೇ ತಾನಾಗಿ ಮರಳಬೇಕು. ಇದು ಮೊದಲೇ ಹೊಳೆಯಬಹುದಿತ್ತು. ಇಬ್ಬರಿಗೂ ಹೊಳೆದಿರಲಿಲ್ಲ.

ಕರ್ನಲ್ ಕಟ್ಟಲು ಹಾಕಿದ ಮೇಲೆ ರಂಗಯ್ಯನವರ ಹೆಂಡತಿ ಅನ್ನ ಸಾರು ಬಡಿಸಿದರು. ಊಟ ಮಾಡಿ ಚಿತ್ರಾ ಅಲ್ಲೇ ಚಾಪೆಯ ಮೇಲೆ ಒರಗಿದಳು. ಎಚ್ಚರವಾದಾಗ ಕೆಲಸ ಮುಗಿದು ಯಾವಾಗಲೋ ಆಗಿತ್ತು. ಯಾರೂ ಅವಳನ್ನು ಎಬ್ಬಿಸಿರಲಿಲ್ಲ. ಈ ಸಲ ಕರ್ನಲ್ಲನ್ನು ದೂರದಿಂದ ಕಳಿಸುವ ಧೈರ್ಯ ಅವಳಿಗಾಗಲಿಲ್ಲ. ಮಾರನೆಯ ದಿನ ಕನಕ ಜಯಂತಿಯ ರಜೆ. ಮತ್ತೆ ಗುಡ್ಡ ಹತ್ತಿ ಹಾಕಿ ಬಂದಳು.

ಅದಾದ ಮೇಲೆ ಪೆಟ್ಟಿಗೆ ಒಮ್ಮೆ ಇಡೀ ಸಂಜೆ ಮಾತಾಡಲಿಲ್ಲ. ಮಾಡ್ಯೂಲ್ ತೆಗೆದು ಹಾಕಿದರೂ ಆಗಲಿಲ್ಲ. ಕಾರ್ಡೇ ಸತ್ತಿತ್ತು. ಚಿತ್ರಾಳಿಗೆ ನಿದ್ದೆ ಬರಲಿಲ್ಲ, ಆದರೆ ಎದ್ದು ಚೀಲ ತುಂಬಿಸಲೂ ಇಲ್ಲ. ಕಾವಲಿನಲ್ಲಿ ಪಾಲಣ್ಣ ಎರಡು ಸಲ ಎದ್ದು ಕಂಬಳಿ ಹೊದ್ದು ಹೊರಟನಂತೆ. ಎರಡು ಸಲವೂ ಕಾಟಮ್ಮ, "ನಾಳೆ ಸಂಜೆ," ಎಂದಳಂತೆ. ಅವನು ಬೈದುಕೊಂಡು ಮತ್ತೆ ಮಲಗಿದ. ಮಾರನೆಯ ದಿನ ಬಾಲರಾಜು ತನ್ನ ರಜೆಯ ದಿನವೆಂದು ತಾನೇ ಗುಡ್ಡ ಹತ್ತಿ, ಚಿತ್ರಾ ಫೋನಿನಲ್ಲಿ ಹೇಳಿದಂತೆ ಹೊಸ ಕಾರ್ಡು ಚುಚ್ಚಿ ಬಂದ. ಇಳಿದು ಬಂದವನು ಜಗಲಿಯ ಮೇಲೆ ಅಂಗಾತ ಬಿದ್ದುಕೊಂಡು, "ಇದನ್ನ ಎರಡು ವರ್ಷ ಹತ್ತಿದ್ಯಾ?" ಎಂದು ಮಾತ್ರ ಕೇಳಿದ.

ಆ ಸಂಜೆ ಪರದೆಯ ಮೇಲೆ ಅಣ್ಣನ ಗುರುತು ಬಂತು. "ಎಲ್ಲ ಸರಿ" ಎಂಬ ಕಡೆ ಈ ಸಲ "ಇಬ್ಬರೂ ಸರಿ" ಎಂದಿತ್ತು. ಚಿತ್ರಾ ಗುಂಡಿ ಒತ್ತಿ, ಗಂಡನಿಗೆ ಟೀ ಸೋಸಲು ಹೋದಳು.